ಬೇಳೆ ಬಿಟ್ಟು ಉಳಿಸಬೇಡಿ: ಕಡಿಮೆ ದುಡ್ಡಿನ ಹೊಟ್ಟೆ ತುಂಬಾ ಊಟಕ್ಕೆ ಯಾವುದು ತರಬೇಕು, ಯಾವುದು ಬಿಡಬಹುದು

ನಾನೂ ನನ್ನ ತಂಗಿಯೂ ಬೆಂಗಳೂರಿನ ಲಗ್ಗೆರೆಯ ಒಂದು ಕೋಣೆಯ ಮನೆಯಲ್ಲಿ ಇದ್ದಾಗಿನ ಮಾತು. ಒಂದು ತಿಂಗಳು ದುಡ್ಡು ತೀರಾ ಬಿಗಿಯಾಯಿತು. ದಿನಸಿ ಚೀಟಿಯಲ್ಲಿ ನಾವು ಮೊದಲು ಹೊಡೆದು ಹಾಕಿದ್ದು ತೊಗರಿಬೇಳೆ. ಚೀಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾಗಿ ಕಂಡಿದ್ದು ಅದೇ. ಅಕ್ಕಿ ಇತ್ತು, ಹುಣಸೆಹಣ್ಣಿತ್ತು, ಅಮ್ಮ ಕುಟ್ಟಿ ಕಳಿಸಿದ ಸಾರಿನ ಪುಡಿ ಇತ್ತು. ದಿನಾ ಅನ್ನ, ತಿಳಿಸಾರು, ಉಪ್ಪಿನಕಾಯಿ. ತಟ್ಟೆ ತುಂಬಾ ಉಂಡು ಹೋದರೂ ಮಧ್ಯಾಹ್ನ ಮೂರೂವರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಕೆಲಸದ ಜಾಗದ ಗೇಟಿನ ಎದುರೇ ಬಜ್ಜಿ ಗಾಡಿ. ಒಂದು ದಿನ ಬಜ್ಜಿ, ಒಂದು ದಿನ ಪಫ್, ಏನೂ ಇಲ್ಲದಿದ್ದರೆ ಟೀ ಜೊತೆ ಬಿಸ್ಕತ್ತು.

ತಿಂಗಳ ಕೊನೆಗೆ ತಂಗಿ ಲೆಕ್ಕದ ಪುಸ್ತಕ ತೆಗೆದು ಕೂಡಿದಳು. ಬೇಳೆಯಲ್ಲಿ ಉಳಿದಿದ್ದು 240 ರೂಪಾಯಿ. ಬಜ್ಜಿ, ಪಫ್, ಬಿಸ್ಕತ್ತಿಗೆ ಹೋಗಿದ್ದು 900 ಚಿಲ್ಲರೆ. ಅವಳು ಪೆನ್ನು ಕೆಳಗಿಟ್ಟು, 'ಅಕ್ಕಾ, ನಾವು ಉಳಿಸಿದ್ದೆಲ್ಲಿ?' ಅಂದಳು. ಅವತ್ತಿಂದ ನಾನು ಅಂಗಡಿಯಲ್ಲಿ ಕೆ.ಜಿ. ಬೆಲೆ ಒಂದನ್ನೇ ನೋಡುವುದು ಬಿಟ್ಟೆ. ಈಗ ನಾಲ್ಕು ಜನದ ಮನೆ. ಏನು ಕೊಳ್ಳುವುದಿದ್ದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಉಂಡರೆ ಎಷ್ಟು ಹೊತ್ತು ಹಸಿವು ತಡೆಯುತ್ತದೆ? ಇದರಲ್ಲಿ 10 ಗ್ರಾಂ ಪ್ರೋಟೀನ್ ಸಿಗಬೇಕಾದರೆ ಎಷ್ಟು ರೂಪಾಯಿ ಬೀಳುತ್ತದೆ?

ಪ್ರೋಟೀನೇ ಯಾಕೆ ಅಂದರೆ, ಬಡ ತಟ್ಟೆಯಲ್ಲಿ ಮೊದಲು ಕಮ್ಮಿ ಆಗುವುದು ಅದೇ. ಅನ್ನ ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು, ಹೊಟ್ಟೆ ಬಿಗಿಯುತ್ತದೆ, ಎರಡು ಮೂರು ಗಂಟೆಗೆ ಕರಗಿ ಹೋಗುತ್ತದೆ. ಪ್ರೋಟೀನೂ ನಾರೂ ಇದ್ದ ಊಟ ನಿಧಾನಕ್ಕೆ ಜೀರ್ಣವಾಗುತ್ತದೆ, ಹಾಗಾಗಿ ಹಸಿವು ತಡವಾಗಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ, ಆರೋಗ್ಯವಾಗಿರುವ ದೊಡ್ಡವರಿಗೆ ಮೈತೂಕದ ಒಂದು ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಈ 50 ಗ್ರಾಂ ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆಲ್ಲ ಅದೇ ಅಳತೆಗೋಲು.

ಕೆಳಗೆ ಹಿಡಿದಿರುವ ಬೆಲೆಗಳು ನನ್ನ ಲೆಕ್ಕದ ಪುಸ್ತಕದವು, ದುಂಡಗೆ ಮಾಡಿದವು. ನಿಮ್ಮ ಅಂಗಡಿಯಲ್ಲಿ ಹತ್ತು ರೂಪಾಯಿ ಆಚೆ ಈಚೆ ಇರುತ್ತದೆ. ನಿಮ್ಮ ಬೆಲೆ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ.

ಅಕ್ಕಿಯೋ, ರಾಗಿಯೋ, ಜೋಳವೋ?

ಸೋನಾ ಮಸೂರಿ ಕೆ.ಜಿ.ಗೆ 60 ರೂಪಾಯಿ, ರಾಗಿ 45 ಅಂತ ಇಟ್ಟುಕೊಳ್ಳಿ. ಪ್ರೋಟೀನ್ ವಿಷಯದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, 100 ಗ್ರಾಮಿಗೆ 7-8 ಗ್ರಾಂ. ರಾಗಿಯಲ್ಲಿ ಪ್ರೋಟೀನ್ ತುಂಬಿ ತುಳುಕುತ್ತದೆ ಅಂತ ಹೇಳುವವರ ಮಾತು ನಂಬಬೇಡಿ. ರಾಗಿ ಗೆಲ್ಲುವುದು ಬೇರೆ ಎರಡು ಕಡೆ. ಒಂದು ನಾರು: ಪಾಲಿಶ್ ಆದ ಅಕ್ಕಿಯಲ್ಲಿ 100 ಗ್ರಾಮಿಗೆ 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11 ಗ್ರಾಂ ಹತ್ತಿರ ಇದೆ. ಇನ್ನೊಂದು ಕ್ಯಾಲ್ಸಿಯಂ: 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ಒಂದೂವರೆ ಲೋಟ ಹಾಲಿನಷ್ಟು. ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ, ಕಾಳಿನ ಸಿಪ್ಪೆಯಲ್ಲಿರುವ ಕೆಲವು ಅಂಶ ಅದನ್ನು ತಡೆಯುತ್ತವೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದರೆ ಆ ತಡೆ ಕಮ್ಮಿಯಾಗುತ್ತದೆ. ಆದರೂ ಹಾಲು ದಿನಾ ತರಲಾಗದ ಮನೆಯಲ್ಲಿ ಮಕ್ಕಳ ಮೂಳೆಗೆ ಇಷ್ಟು ಅಗ್ಗವಾಗಿ ಸಿಗುವ ಧಾನ್ಯ ಬೇರೆ ಇಲ್ಲ.

ನಮ್ಮ ಕುಣಿಗಲ್ ಕಡೆ ಮುದ್ದೆಗೆ 'ಹಿಟ್ಟು' ಅಂತಲೇ ಹೇಳುವುದು. ಮಧ್ಯಾಹ್ನ ಒಂದು ಹಿಟ್ಟು ಉಂಡು ಹೊಲಕ್ಕೆ ಹೋದವರು ದೀಪ ಹಚ್ಚುವ ಹೊತ್ತಿನವರೆಗೆ ಊಟದ ಸುದ್ದಿ ಎತ್ತುವುದಿಲ್ಲ. ನನ್ನ ಮೈಯಲ್ಲೂ ಅದೇ ಲೆಕ್ಕ. 100 ಗ್ರಾಂ ಹಿಟ್ಟಿನ ಮುದ್ದೆಗೆ ಕಾಳಿನ ಸಾರು ಸೇರಿದರೆ ಐದು ಗಂಟೆ ಹಸಿವಿಲ್ಲ. ಒಂದು ಎಚ್ಚರಿಕೆ: ರಾಗಿಯೂ ಪಿಷ್ಟವೇ. ಸಕ್ಕರೆ ಕಾಯಿಲೆ ಇದ್ದವರು ರಾಗಿ ಅಂತ ಎರಡು ಮುದ್ದೆ ಉಂಡರೆ, ತೆಳ್ಳಗಿನ ಗಂಜಿ ಲೋಟಗಟ್ಟಲೆ ಕುಡಿದರೆ ಸಕ್ಕರೆ ಏರಿಯೇ ಏರುತ್ತದೆ.

ಜೋಳ ಇವೆರಡಕ್ಕಿಂತ ಒಂದು ಕೈ ಮೇಲು. ಪ್ರೋಟೀನ್ 10 ಗ್ರಾಂ, ನಾರೂ ಸುಮಾರು ಅಷ್ಟೇ. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆ ಇದ್ದರೆ ಯೋಚನೆಯೇ ಬೇಡ, ಹಿಂಗಾರಿ ಬಿಳಿಜೋಳ ತಂದು ಬೀಸಿಸಿ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ದಿನಾ ಒಲೆ ಉರಿಸುವ ಖರ್ಚೂ ಇಲ್ಲ. ಬೆಂಗಳೂರಿನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಇಲ್ಲಿ ಜೋಳ ದುಬಾರಿ, ರೊಟ್ಟಿ ಬಡಿಯಲು ಬಾರದವರು ಒಂದೊಂದು ರೊಟ್ಟಿಗೂ ಹತ್ತು ರೂಪಾಯಿ ಕೊಟ್ಟು ತರಬೇಕು. ಮೂರು ರೊಟ್ಟಿಗೆ 30 ರೂಪಾಯಿ ಆದರೆ ಅದು ಬಿಗಿ ಕೈಯ ಊಟ ಅಲ್ಲ.

ನವಣೆ, ಸಾಮೆ, ಊದಲು ಒಳ್ಳೆಯವೇ. 2023ರ ಸಿರಿಧಾನ್ಯ ವರ್ಷದ ನಂತರ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಆದರೆ ನೂರು ರೂಪಾಯಿ ದಾಟಿದ ಪ್ಯಾಕೆಟ್ ತಂದು, ಆ ದುಡ್ಡಿಗೆ ಕಾಳು ಬಿಡುವ ಹಾಗಿದ್ದರೆ ಬೇಡ. ರಾಗಿ, ಜೋಳವೂ ಅದೇ ಬಳಗದವು ಅಲ್ವಾ?

ಕರಾವಳಿಯವರಿಗೆ ಕುಚ್ಚಲಕ್ಕಿ ಇದೆ. ಭತ್ತವನ್ನೇ ಬೇಯಿಸಿ ಒಣಗಿಸಿದ ಮೇಲೆ ಅಕ್ಕಿ ಮಾಡುವುದರಿಂದ ಹೊರಪದರದ ಬಿ ಜೀವಸತ್ವ ಕಾಳಿನ ಒಳಗೆ ಇಳಿದಿರುತ್ತದೆ. ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ ಅದೇ ವಾಸಿ, ಗಂಜಿಯೂ ಹೆಚ್ಚು ಹೊತ್ತು ಹಸಿವು ತಡೆಯುತ್ತದೆ.

ನ್ಯಾಯಬೆಲೆ ಅಂಗಡಿಯ ಅಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರ್ಡ್ ಇದ್ದೂ ಆ ಅಕ್ಕಿ ಮಾರಿಬಿಟ್ಟು ಅಂಗಡಿ ಅಕ್ಕಿ ತರುವವರು ಬಹಳ ಜನ ಇದ್ದಾರೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣ ಬೇರೆ ಇರುವ ಕಾಳು ಕಂಡು 'ಪ್ಲಾಸ್ಟಿಕ್ ಅಕ್ಕಿ' ಅಂತ ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೇ ತಂದ ಕಾಳು. ಬೆರೆಸಿದ ಅಕ್ಕಿಯಲ್ಲಿ ಸುಮಾರು ನೂರು ಕಾಳಿಗೆ ಒಂದರಂತೆ ಇರುತ್ತದೆ. ಎಸೆಯಬೇಡಿ. ನಾಲ್ಕೈದು ಸಲ ತಿಕ್ಕಿ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ದಕ್ಷಿಣದ ಜಿಲ್ಲೆಗಳಲ್ಲಿ ಅಕ್ಕಿ ಜೊತೆ ರಾಗಿ, ಉತ್ತರದಲ್ಲಿ ಜೋಳ ಕೊಡುವುದೂ ಉಂಟು. ಕೊಟ್ಟ ತಿಂಗಳು ಬಿಡಬೇಡಿ.

ನನ್ನ ತೀರ್ಮಾನ ಇಷ್ಟೇ: ಒಂದು ಹೊತ್ತು ಅಕ್ಕಿ ಇರಲಿ, ಒಂದು ಹೊತ್ತು ರಾಗಿಯೋ ಜೋಳವೋ ಇರಲಿ.

ಕಾಳು, ಬೇಳೆ: ದುಡ್ಡು ಇಲ್ಲಿ ಹಾಕಿ

ತೊಗರಿಬೇಳೆ ಕೆ.ಜಿ.ಗೆ 130. ಅದರಲ್ಲಿ ಪ್ರೋಟೀನ್ 100ಕ್ಕೆ 22 ಗ್ರಾಂ. ಅಂದರೆ 10 ಗ್ರಾಂ ಪ್ರೋಟೀನ್‌ಗೆ ಆರು ರೂಪಾಯಿ. ಹೆಸರುಕಾಳು 120ರ ಲೆಕ್ಕದಲ್ಲಿ ಐದು ರೂಪಾಯಿ ಚಿಲ್ಲರೆ. ಕಡಲೆಕಾಯಿ ಬೀಜ 140ರ ಲೆಕ್ಕದಲ್ಲಿ ಮತ್ತೆ ಆರು. ಹುರಳಿಕಾಳು ಕೆ.ಜಿ.ಗೆ 80, ಪ್ರೋಟೀನ್ ತೊಗರಿಯಷ್ಟೇ 22 ಗ್ರಾಂ, ಹಾಗಾಗಿ 10 ಗ್ರಾಮಿಗೆ ಬರೀ ಮೂರೂವರೆ ರೂಪಾಯಿ. ಜೊತೆಗೆ ಕಬ್ಬಿಣ ಉಂಟು, ಕ್ಯಾಲ್ಸಿಯಂ ಉಂಟು, ಸಿಪ್ಪೆ ಸಮೇತ ತಿನ್ನುವುದರಿಂದ ನಾರೂ ಉಂಟು.

ಇಷ್ಟಿದ್ದರೂ ಹುರಳಿಗೆ ಪೇಟೆಯಲ್ಲಿ ಮರ್ಯಾದೆ ಇಲ್ಲ. ದನದ ಮೇವು ಅನ್ನುತ್ತಾರೆ. ಬೇಯುವುದಿಲ್ಲ ಅನ್ನುತ್ತಾರೆ. ಎರಡನೆಯ ದೂರಿಗೆ ಮದ್ದಿದೆ: ರಾತ್ರಿಯೇ ನೆನೆಹಾಕಿ. ನೆನೆಯದ ಹುರಳಿ ಗ್ಯಾಸ್ ತಿನ್ನುತ್ತದೆ, ಅಗ್ಗದ ಕಾಳು ಆಗ ಅಗ್ಗ ಅಲ್ಲ. ಎಂಟು ಗಂಟೆ ನೆನೆದದ್ದು ಕುಕ್ಕರಿನಲ್ಲಿ ನಾಲ್ಕೈದು ವಿಶಲ್‌ಗೆ ಮೆತ್ತಗಾಗುತ್ತದೆ.

ಹುರಳಿ ಬಸ್ಸಾರು ಮಾಡುವ ಬಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಬರುವ ಅಡುಗೆ ಇದು. ನಾಲ್ಕು ಜನಕ್ಕೆ ಒಂದು ಲೋಟ ಹುರಳಿ, ಅಂದರೆ ಸುಮಾರು 200 ಗ್ರಾಂ. ಬೆಳಗ್ಗೆ ನೆನೆದ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ ಬೇಯಿಸಿ. ಮುಚ್ಚಳ ತೆಗೆದ ಮೇಲೆ ಹೆಚ್ಚಿದ ದಂಟಿನ ಸೊಪ್ಪು ಒಂದು ಕಟ್ಟು ಹಾಕಿ, ಉಪ್ಪು ಹಾಕಿ, ಇನ್ನೈದು ನಿಮಿಷ ಕುದಿಸಿ. ಈಗ ತೂತಿನ ಪಾತ್ರೆಗೆ ಬಸಿಯಿರಿ. ಕೆಳಗೆ ಇಳಿಯುವ ನೀರು ಟೀ ಡಿಕಾಕ್ಷನ್ ಬಣ್ಣಕ್ಕಿರುತ್ತದೆ, ಮೂಗಿಗೆ ಮಣ್ಣಿನ ಘಮ ಬರುತ್ತದೆ. ಅದೇ ಕಟ್ಟು. ಅದನ್ನು ಚೆಲ್ಲಿದವರನ್ನು ನಮ್ಮಜ್ಜಿ ಸುಮ್ನೆ ಬಿಡುತ್ತಿರಲಿಲ್ಲ. ಬಾಣಲೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಎರಡು ಚಮಚ ಕಾಯಿ, ಸಾರಿನ ಪುಡಿ, ಹುಣಸೆ, ಬಸಿದ ಕಾಳು ಸೊಪ್ಪಿನಲ್ಲೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಕಟ್ಟಿನ ನೀರಿಗೆ ಬೆರೆಸಿ ಕುದಿಸಿದರೆ ಬಸ್ಸಾರು ಆಯಿತು. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ ಆಯಿತು.

ಖರ್ಚು ನೋಡಿ. ಹುರಳಿ 16 ರೂಪಾಯಿ, ಸೊಪ್ಪು 20, ಮಸಾಲೆ ಕಾಯಿ ಎಲ್ಲ 12, ನಾಲ್ಕು ಮುದ್ದೆಗೆ 400 ಗ್ರಾಂ ರಾಗಿ ಹಿಟ್ಟು 18. ಒಟ್ಟು 66. ತಲೆಗೆ 17 ರೂಪಾಯಿ ಒಳಗೇ ಆಯಿತು. ಪ್ರೋಟೀನ್ ತಲೆಗೆ 19 ಗ್ರಾಂ ಬರುತ್ತದೆ. ದಿನದ 50ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ಊಟದಲ್ಲಿ. ಹುರಳಿ ಉಷ್ಣ ಅನ್ನುವವರು ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಅಭ್ಯಾಸವಿಲ್ಲದವರಿಗೆ ಮೊದಮೊದಲು ಹೊಟ್ಟೆ ಉಬ್ಬರಿಸಬಹುದು, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕಾಳಿನ ಅಳತೆ ಡಾಕ್ಟರನ್ನೇ ಕೇಳಬೇಕು.

ಹಾಗಂತ ತೊಗರಿಬೇಳೆ ಬಿಡಿ ಅಂತಲ್ಲ. ಹದಿನೈದು ನಿಮಿಷಕ್ಕೆ ಬೇಯುವುದು, ಮಕ್ಕಳು ಮುಖ ಸಿಂಡರಿಸದೆ ಉಣ್ಣುವುದು ಅದೇ. ತೊಗರಿ ತೀರಾ ಏರಿದಾಗ ಅರ್ಧ ತೊಗರಿ, ಅರ್ಧ ಹೆಸರುಬೇಳೆ ಹಾಕಿ ಸಾಂಬಾರ್ ಮಾಡಿ, ರುಚಿ ಕೆಡುವುದಿಲ್ಲ. ಹೆಸರುಕಾಳಿಗೆ ಇನ್ನೊಂದು ಗುಣ: ಮೊಳಕೆ ಬೇಗ ಬರುತ್ತದೆ. ಮೊಳಕೆ ಕಟ್ಟಿದರೆ ಇಲ್ಲದಿದ್ದ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ, ಒಲೆ ಹಚ್ಚದೆ ಕೋಸಂಬರಿಯೂ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ರಾಶಿ ಬಿದ್ದಾಗ ಬೇಳೆ ಡಬ್ಬ ಮುಚ್ಚಿಟ್ಟು ಅವರೆಕಾಳನ್ನೇ ಉಣ್ಣಿ.

ಮೊಟ್ಟೆ, ಹಾಲು, ಸೋಯಾ, ಮೀನು, ಪನ್ನೀರ್

ಸೋಯಾ ಚಂಕ್ಸ್ ಲೂಸ್ ಆಗಿ ಕೆ.ಜಿ.ಗೆ 160ಕ್ಕೆ ಸಿಕ್ಕರೆ, ಲೆಕ್ಕದಲ್ಲಿ ಹುರಳಿಯನ್ನೂ ಸೋಲಿಸುತ್ತದೆ. ಅದರಲ್ಲಿ ಅರ್ಧದಷ್ಟು ಪ್ರೋಟೀನೇ. 10 ಗ್ರಾಮಿಗೆ ಮೂರು ರೂಪಾಯಿ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ, ಸಣ್ಣಗೆ ಹೆಚ್ಚಿ ಪಲಾವಿಗೆ, ಆಲೂಗಡ್ಡೆ ಪಲ್ಯಕ್ಕೆ ಸೇರಿಸಬಹುದು. ನಾನು ವಾರಕ್ಕೆ ಎರಡು ಸಲಕ್ಕೆ ನಿಲ್ಲಿಸುತ್ತೇನೆ. ಅದಕ್ಕಿಂತ ಹೆಚ್ಚಾದರೆ ಮನೆಯವರಿಗೆ ಬೇಸರ ಬರುತ್ತದೆ, ತಟ್ಟೆಯಲ್ಲಿ ಬಿಟ್ಟರೆ ಅಗ್ಗದ್ದೂ ದಂಡವೇ.

ಮೊಟ್ಟೆ ಒಂದಕ್ಕೆ 7 ರೂಪಾಯಿ, ಪ್ರೋಟೀನ್ ಆರು ಗ್ರಾಂ ಮೇಲೆ. 10 ಗ್ರಾಮಿಗೆ 11 ರೂಪಾಯಿ. ಕಾಳಿನ ಎರಡು ಮೂರು ಪಟ್ಟು. ಹಾಲು ಲೀಟರಿಗೆ 46ರ ಲೆಕ್ಕದಲ್ಲಿ 14 ರೂಪಾಯಿ ದಾಟುತ್ತದೆ. ಪನ್ನೀರ್ 400 ಅಂತ ಹಿಡಿದರೆ 20ರ ಮೇಲೆ. ಬರೀ ಲೆಕ್ಕ ನೋಡಿದರೆ ಮೂರನ್ನೂ ಬಿಡಬೇಕು. ಆದರೆ ಮೊಟ್ಟೆ, ಹಾಲು ಬಿಡಲಾಗದ ಕಾರಣ ಒಂದಿದೆ. ಬಿ12 ಜೀವಸತ್ವ ಕಾಳಿನಲ್ಲಿ ಇಲ್ಲ, ಸೊಪ್ಪಿನಲ್ಲಿ ಇಲ್ಲ. ಸಹಜವಾಗಿ ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇರುತ್ತದೆ. ಅದು ಕಮ್ಮಿಯಾದರೆ ಸುಸ್ತು, ಕೈಕಾಲು ಜೋಮು ಶುರುವಾಗುತ್ತದೆ. ಹಾಗಾಗಿ ಮೊಟ್ಟೆ ತಿನ್ನುವವರು ದಿನಕ್ಕೊಂದು, ಕೊನೆಗೆ ದಿನ ಬಿಟ್ಟು ದಿನಕ್ಕೊಂದು ಇಟ್ಟುಕೊಳ್ಳಿ. ತಿನ್ನದವರು ದಿನಾ ಒಂದು ದೊಡ್ಡ ಲೋಟದಷ್ಟಾದರೂ ಹಾಲು, ಮೊಸರು ಇಟ್ಟುಕೊಳ್ಳಿ. ಹಾಲನ್ನು ಟೀಗೆ ಸುರಿಯುವ ಬದಲು ಹೆಪ್ಪು ಹಾಕಿದರೆ ಊಟಕ್ಕೂ ಬರುತ್ತದೆ. ಪನ್ನೀರ್ ಹಬ್ಬಕ್ಕೆ ಇರಲಿ.

ಮಂಗಳೂರು, ಉಡುಪಿ ಕಡೆಯವರಿಗೆ ಬೂತಾಯಿ ಮೀನು ಇದೆ. ಸೀಸನ್ನಿನಲ್ಲಿ ಅಗ್ಗ, ಪ್ರೋಟೀನೂ ಒಳ್ಳೆಯ ಕೊಬ್ಬೂ ಎರಡೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಮೀನಿನ ಬೆಲೆ ಏರುತ್ತದೆ. ಆ ಎರಡು ತಿಂಗಳಿಗೆ ಹುರಳಿ ಸಾರು, ಒಣಮೀನು ಚಟ್ನಿ ಅಲ್ಲಿನ ಹಳೆಯ ಉಪಾಯವೇ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ದವರು ನೋಡಿಕೊಳ್ಳಿ. ಕೋಳಿ ತಿನ್ನುವವರು ಮಾಂಸದ ಬದಲು ಒಂದೊಂದು ಸಲ ಕೋಳಿ ಲಿವರ್ ಕೇಳಿ. ಬೆಲೆ ಕಮ್ಮಿ, ಕಬ್ಬಿಣ ಜಾಸ್ತಿ.

ಬಾದಾಮಿ, ಗೋಡಂಬಿ ತರಲು ಆಗಲಿಲ್ಲ ಅಂತ ಕೊರಗಬೇಡಿ. ಪ್ರೋಟೀನ್ ಲೆಕ್ಕದಲ್ಲಿ ಕಡಲೆಕಾಯಿ ಬೀಜ ಅವಕ್ಕಿಂತ ಕಮ್ಮಿ ಏನಲ್ಲ. ಶಾಲೆಯಿಂದ ಬಂದ ಮಗುವಿನ ಕೈಗೆ ಒಂದು ಹಿಡಿ ಹುರಿದ ಬೀಜ, ಒಂದು ತುಂಡು ಬೆಲ್ಲ ಇಡಿ. ಬಿಸ್ಕತ್ತಿಗಿಂತ ಸಾವಿರ ಪಾಲು ಮೇಲು.

ಸೊಪ್ಪು ತರಕಾರಿ

ಇಲ್ಲಿ ಜಾಸ್ತಿ ಲೆಕ್ಕ ಬೇಡ, ಅವತ್ತಿನ ರಾಶಿ ನೋಡಿ ತನ್ನಿ. ರಾಶಿ ದೊಡ್ಡದಿದ್ದರೆ ಅದೇ ಸೀಸನ್ನು. ಸೊಪ್ಪು ಮಾತ್ರ ವಾರಕ್ಕೆ ನಾಲ್ಕು ದಿನ ಇರಲೇಬೇಕು. ದಂಟು, ಹರಿವೆ, ನುಗ್ಗೆ ಯಾವುದಾದರೂ ತನ್ನಿ, ಕ್ಯಾಲ್ಸಿಯಂಗೆ ಮಾತ್ರ ಪಾಲಕ್ಕಿಗಿಂತ ನುಗ್ಗೆ ಮೇಲು. ಪಾಲಕ್ಕಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಅಂಶಕ್ಕೆ ಅಂಟಿಕೊಂಡಿರುತ್ತದೆ, ಮೈಗೆ ಸೇರುವುದು ಕಮ್ಮಿ. ನುಗ್ಗೆ ಸೊಪ್ಪು ಬೀದಿಯ ಯಾರ ಮನೆ ಮುಂದಾದರೂ ಇರುತ್ತದೆ, ಕೇಳಿದರೆ ಇಲ್ಲ ಅನ್ನುವವರು ಕಮ್ಮಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ಕಂಡುಬಂತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಿಳಿಸಾರು ಅನ್ನ ಉಣ್ಣುವವರು ಯಾರು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಕಾಳಿನ ಪಲ್ಯ ಬಡಿಸುವಾಗಲೇ ಅಡುಗೆ ಮಾಡಿದವರ ಪಾಲೂ ಎತ್ತಿಡಿ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಟೀ ಕುಡಿದರೆ ಹತ್ತುವುದು ಕಮ್ಮಿಯಾಗುತ್ತದೆ. ಟೀ ಒಂದು ಗಂಟೆ ತಡವಾಗಲಿ. ದುಡ್ಡೇ ಖರ್ಚಿಲ್ಲದ ಉಪಾಯ ಇದು.

ಟೊಮೇಟೊ ಬೆಲೆ ಕೈಗೆ ಸಿಗದಿದ್ದಾಗ ಹುಣಸೆಹಣ್ಣು ಇದ್ದೇ ಇದೆ. ಮೂಲಂಗಿ, ಸೀಮೆಬದನೆ, ಸಿಹಿಕುಂಬಳ ಬಹಳ ದಿನ ಅಗ್ಗವಾಗೇ ಇರುತ್ತವೆ. ಆಲೂಗಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ, ಅದು ಅನ್ನದ ಜೊತೆಗಾರ.

ಬೆಳಗ್ಗೆ ಏನು?

ಓಟ್ಸ್ ಕೇಳುವವರು ಇದ್ದಾರೆ. ಓಟ್ಸ್ ಕೆಟ್ಟದ್ದಲ್ಲ, ಆದರೆ ಇಲ್ಲಿ ಕೆ.ಜಿ.ಗೆ 200ರ ಹತ್ತಿರ. ಆ ದುಡ್ಡಿಗೆ ನಾಲ್ಕು ಕೆ.ಜಿ. ರಾಗಿ ಬರುತ್ತದೆ. ಹೊರದೇಶದಲ್ಲಿ ಓದುವ ನಮ್ಮ ಮಕ್ಕಳಿಗೆ ಲೆಕ್ಕ ತಲೆಕೆಳಗು: ಅಲ್ಲಿ ಓಟ್ಸ್ ಅಗ್ಗ, ಇಂಡಿಯನ್ ಸ್ಟೋರಿನ ರಾಗಿ ಹಿಟ್ಟು ದುಬಾರಿ. ಅಲ್ಲಿದ್ದವರು ಓಟ್ಸನ್ನೇ ಉಪ್ಪಿಟ್ಟು ಮಾಡಿಕೊಳ್ಳಿ, ಮುದ್ದೆ ಆಸೆಯಾದಾಗ ಮಾತ್ರ ರಾಗಿ ಕೊಳ್ಳಿ.

ಉಪ್ಪಿಟ್ಟು, ಅವಲಕ್ಕಿ ಎರಡೂ ಬೇಗ ಆಗುತ್ತವೆ, ಬೇಗ ಹಸಿವೂ ತರುತ್ತವೆ. ಅವಕ್ಕೆ ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿ, ಇಲ್ಲವೇ ಬೆಂದ ಕಾಳು ಒಂದು ಹಿಡಿ ಸೇರಿಸಿ. ನನ್ನ ಮಟ್ಟಿಗೆ ಗೆಲ್ಲುವುದು ಹೆಸರುಕಾಳಿನ ದೋಸೆ. ರಾತ್ರಿ ಒಬ್ಬರಿಗೆ 50 ಗ್ರಾಂ ಕಾಳು, ಒಂದು ಸಣ್ಣ ಹಿಡಿ ಅಕ್ಕಿ ನೆನೆಹಾಕಿ, ಬೆಳಗ್ಗೆ ಹಸಿಮೆಣಸಿನಕಾಯಿ, ಶುಂಠಿ ಜೊತೆ ರುಬ್ಬಿದರೆ ಸಾಕು. ಹುದುಗಲು ಕಾಯಬೇಕಿಲ್ಲ. 13 ಗ್ರಾಂ ಪ್ರೋಟೀನ್, ಎಣ್ಣೆ ಸೇರಿ ಹತ್ತು ರೂಪಾಯಿ ಒಳಗೆ. ಬೇಸಿಗೆಯಲ್ಲಿ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿಯುವುದಕ್ಕೆ ಸಮ ಯಾವುದೂ ಇಲ್ಲ.

ಮಕ್ಕಳ ಹಾಲಿಗೆ ಹಾಕುವ ಡಬ್ಬದ ಪುಡಿಗಳ ಹಿಂದಿನ ಚೀಟಿ ಒಂದು ಸಲ ಓದಿ. ಹೆಚ್ಚಿನವುಗಳಲ್ಲಿ ಸಕ್ಕರೆ ಎಷ್ಟಿದೆ ಅಂತ ಕಂಡರೆ ನೀವೇ ಬಿಡುತ್ತೀರಿ. ರಾಗಿ ಹುರಿಹಿಟ್ಟು ಬೆಲ್ಲ ಸಾಕು.

ಎಲ್ಲಿ ಕೊಳ್ಳುವುದು?

ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪ್‌ಗಳಲ್ಲಿ ಬೆಲೆಗಿಂತ ದೊಡ್ಡ ತೊಂದರೆ ಇದು: ಒಂದು ಕಟ್ಟು ಕೊತ್ತಂಬರಿಗೆ ಹೋದವರು ಡೆಲಿವರಿ ಚಾರ್ಜ್ ತಪ್ಪಿಸಲು ಚಿಪ್ಸ್ ಸೇರಿಸುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಎಣ್ಣೆ, ಸಕ್ಕರೆ, ಸೋಪು ಕಮ್ಮಿಗೆ ಸಿಗಬಹುದು, ಚೀಟಿ ಹಿಡಿದು ಹೋಗಿ ಚೀಟಿಯದ್ದೇ ತನ್ನಿ. ಕಾಳುಗಳಿಗೆ ಯಶವಂತಪುರದ ಎಪಿಎಂಸಿಯಂಥ ಸಗಟು ಮಾರುಕಟ್ಟೆ ಒಳ್ಳೆಯದು, ಒಬ್ಬರಿಗಾದರೆ ಹೋಗಿ ಬರುವ ಖರ್ಚೇ ನುಂಗುತ್ತದೆ. ನಾವು ಬೀದಿಯ ಮೂರು ಮನೆಯವರು ಸೇರಿ ಎರಡು ತಿಂಗಳಿಗೊಮ್ಮೆ ತರುತ್ತೇವೆ. ಹುರಳಿ, ಅಲಸಂದೆ, ರಾಗಿ ಬಹಳ ದಿನ ಇರುತ್ತವೆ, ಬಿಸಿಲಿಗೆ ಹಾಕಿ ಬೇವಿನ ಸೊಪ್ಪು ಇಟ್ಟರೆ ಹುಳದ ಕಾಟ ಕಮ್ಮಿ. ಹಿಟ್ಟು ಮಾತ್ರ ಒಟ್ಟಿಗೆ ಬೀಸಿಸಿ ಇಡಬೇಡಿ, ಕಮಟು ಬರುತ್ತದೆ. ತರಕಾರಿಗೆ ಸಂತೆಯೇ ಸರಿ, ಹಾಪ್‌ಕಾಮ್ಸ್ ತರಕಾರಿ ಮಳಿಗೆಯ ಬೋರ್ಡಿನ ಬೆಲೆ ನೋಡಿಕೊಂಡು ಹೋದರೆ ಚೌಕಾಸಿಗೆ ಆಧಾರ ಇರುತ್ತದೆ.

ಹೊರಗೆ ದುಡಿಯುವವರು ಇಂದಿರಾ ಕ್ಯಾಂಟೀನನ್ನು ಕಡೆಗಣಿಸಬೇಡಿ. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇತ್ತು. ಆ ಬೆಲೆಗೆ ಮನೆಯಲ್ಲೂ ಅಡುಗೆ ಆಗುವುದಿಲ್ಲ. ಅನ್ನದ ಪಾಲು ಜಾಸ್ತಿ ಇರುವುದರಿಂದ ಮನೆಯಿಂದ ಒಂದು ಬೇಯಿಸಿದ ಮೊಟ್ಟೆಯೋ ಒಂದು ಡಬ್ಬಿ ಕಾಳು ಪಲ್ಯವೋ ಒಯ್ಯಿರಿ.

ಒಂದು ದಿನಕ್ಕೆ, ಒಬ್ಬರಿಗೆ

ಬೆಳಗ್ಗೆ ಹೆಸರುಕಾಳು ದೋಸೆ, ಮಧ್ಯಾಹ್ನ ಮುದ್ದೆ, ಬಸ್ಸಾರು, ಪಲ್ಯ. ರಾತ್ರಿ 100 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ತೊಗರಿಬೇಳೆಯ ತರಕಾರಿ ಸಾಂಬಾರ್, ಒಂದು ಮೊಟ್ಟೆ, ಮಜ್ಜಿಗೆ. ನಡುವೆ ಒಂದು ಬಾಳೆಹಣ್ಣು. ಪ್ರೋಟೀನ್ 55 ಗ್ರಾಂ ದಾಟುತ್ತದೆ. ಎಣ್ಣೆ, ಈರುಳ್ಳಿ, ಮಸಾಲೆ ಸೇರಿಸಿದರೂ ನನ್ನ ಪುಸ್ತಕದಲ್ಲಿ 65-70 ರೂಪಾಯಿ, ಗ್ಯಾಸ್ ಬೇರೆ. ರೇಷನ್ ಅಕ್ಕಿ ಇದ್ದರೆ ಇನ್ನೂ ಆರೇಳು ರೂಪಾಯಿ ಇಳಿಯುತ್ತದೆ.

ಖರ್ಚು ಇನ್ನೂ ಕಮ್ಮಿ ಮಾಡಲೇಬೇಕಾದರೆ ಮೊದಲು ಬಿಸ್ಕತ್ತು, ನೂಡಲ್ಸ್, ಕರಿದದ್ದು ಹೋಗಲಿ. ಆಮೇಲೆ ಸಕ್ಕರೆ, ಎಣ್ಣೆಯಲ್ಲಿ ಒಂದು ಪಾಲು. ಆಮೇಲೆ ದುಬಾರಿ ಅಕ್ಕಿ ಇಳಿಸಿ ಸಾಧಾರಣ ಅಕ್ಕಿಗೆ ಬನ್ನಿ. ಮೊಟ್ಟೆ, ಮೊಸರು ಅದಾದ ಮೇಲಿನ ಮಾತು. ಕಾಳಿಗೆ ಕೈ ಹಚ್ಚಬೇಡಿ.

ತಿಂಗಳ ಕೊನೆಗೆ ಮೂರು ದಿನ ಬಾಕಿ, ಮನೆಯಲ್ಲಿ ಇಬ್ಬರು, ಡಬ್ಬದಲ್ಲಿ ಅಕ್ಕಿ, ರಾಗಿ ಹಿಟ್ಟು ಇದೆ, ಕೈಯಲ್ಲಿ 100 ರೂಪಾಯಿ ಇದೆ ಅಂದುಕೊಳ್ಳಿ. ಅರ್ಧ ಕೆ.ಜಿ. ಹುರಳಿ 40. ಎರಡು ಕಟ್ಟು ಸೊಪ್ಪು 40. ಎರಡು ಮೊಟ್ಟೆ 14. ಎರಡು ಸಣ್ಣ ನಿಂಬೆಹಣ್ಣು 6. ಹುರಳಿ ಇವತ್ತೇ ಅಷ್ಟನ್ನೂ ನೆನೆಹಾಕಿ: ಒಂದು ಪಾಲು ಬಸ್ಸಾರಿಗೆ, ಒಂದು ಪಾಲು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ, ಇನ್ನೊಂದು ಪಾಲು ಬೇಯಿಸಿ ನಾಳೆಯ ಪಲ್ಯಕ್ಕೆ. ಸೊಪ್ಪಿನ ಅಜ್ಜಿಯ ಹತ್ತಿರ ಒಂದು ಎಸಳು ಕರಿಬೇವು ಕೇಳಿ, ಅದಕ್ಕೆ ಅವರು ದುಡ್ಡು ತಗೊಳ್ಳುವುದಿಲ್ಲ.